ಸೀಮೆ ಎಣ್ಣೆಯ ಬೆಲೆ



ನಮ್ಮ ಭಾಷೆಯಲ್ಲಿ ಕೆಲವು ಮಾತುಗಳು ತಮ್ಮ ಹುಟ್ಟೂರಿನ ಗುರುತನ್ನು ತಾವೇ ಹೊತ್ತುಕೊಂಡು ತಿರುಗುತ್ತವೆ. ಸೀಮೆ ಎಂದರೆ ನಾಡು. ಬಳಕೆಯಲ್ಲಿ ಅದು ಗಡಿಯಾಚೆಯ ನಾಡು ಎಂಬ ಅರ್ಥವನ್ನೂ ಪಡೆಯಿತು. ಆಚೆಯಿಂದ ಬಂದ ಸುಣ್ಣ ಸೀಮೆಸುಣ್ಣವಾಯಿತು, ಹಸು ಸೀಮೆಹಸುವಾಯಿತು, ಬದನೆ ಸೀಮೆಬದನೆಯಾಯಿತು. ಹಾಗೆಯೇ ಪರದೇಶದ ನೆಲದಡಿಯಿಂದ ತೆಗೆದು, ಶೋಧಿಸಿ, ಹಡಗಿನಲ್ಲಿ ತಂದ ದೀಪದ ಎಣ್ಣೆಯನ್ನು ನಮ್ಮ ಹಿರಿಯರು ಸೀಮೆ ಎಣ್ಣೆ ಎಂದು ಕರೆದರು. ಮೂರು ನಾಲ್ಕು ತಲೆಮಾರುಗಳ ಕಾಲ ನಮ್ಮ ಹಳ್ಳಿಗಳ ಇರುಳನ್ನು ಬೆಳಗಿದ್ದು ಈ ಎಣ್ಣೆಯೇ. ಆದರೆ ಅದು ಯಾವ ಸೀಮೆಯದು, ಅದನ್ನು ಹೊತ್ತು ತಂದವರು ಯಾರು, ತರುವುದಕ್ಕೆ ಅವರು ತೆತ್ತದ್ದೇನು ಎಂಬ ಪ್ರಶ್ನೆಗಳನ್ನು ನಾವು ಕೇಳಿದ್ದು ಕಡಮೆ. ಈ ಹೊತ್ತಿನ ಭಾಷಣದಲ್ಲಿ ಆ ಪ್ರಶ್ನೆಗಳನ್ನು ಎರಡನೆಯ ಮಹಾಯುದ್ಧದ ಕಾಲಕ್ಕೆ ಅನ್ವಯಿಸಿ ನೋಡುವುದು ನನ್ನ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಬಲ್ಲವರಿಗೆ ಅಲ್ಲಿ ಸಮುದ್ರದ ಮಾತನ್ನೆತ್ತುವುದು ವಿಚಿತ್ರವಾಗಿ ತೋರಬಹುದು. ಬಂಡೆಗುಡ್ಡ, ಕುರುಚಲು ಕಾಡು, ಕಡಲೆಕಾಯಿಯ ಹೊಲ, ಬೇಸಗೆಯಲ್ಲಿ ಬರಿದಾಗುವ ಕೆರೆ, ಇದು ಅಲ್ಲಿಯ ನೆಲದ ಚಹರೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿಯು ಪಾವಗಡದ ನಾಗಲಮಡಿಕೆಯ ಪಕ್ಕದಲ್ಲಿ ಹಾದು, ಆಂಧ್ರದ ನೆಲವನ್ನು ದಾಟಿ, ನೆಲ್ಲೂರಿನ ಆಚೆ ಪೂರ್ವಸಮುದ್ರಕ್ಕೆ ಬೀಳುತ್ತದೆ. ಈ ಪ್ರಾಂತಕ್ಕೂ ಸಾಗರಕ್ಕೂ ಪ್ರಕೃತಿಯು ಕಲ್ಪಿಸಿದ ನಂಟು ಇಷ್ಟೇ. ಅದೂ ವರ್ಷದ ಬಹುಭಾಗ ಬರಿಯ ಮರಳು. ಅಲ್ಲಿಯ ಜನರು ದೊಡ್ಡ ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟುಕೊಂಡರು. ಪಾವಗಡದ ಬಳಸಮುದ್ರದಂಥ ಊರ ಹೆಸರುಗಳೇ ಇದಕ್ಕೆ ಸಾಕ್ಷಿ. ಆದರೂ ಯುದ್ಧದ ವರ್ಷಗಳಲ್ಲಿ ಈ ಊರುಗಳ ಇರುಳ ಬೆಳಕು ನಿಜವಾದ ಸಮುದ್ರವನ್ನೂ, ಆ ಸಮುದ್ರದ ಮೇಲೆ ಪ್ರಾಣವನ್ನು ಪಣವಾಗಿಟ್ಟು ಓಡಾಡುತ್ತಿದ್ದ ಹಲವು ದೇಶಗಳ ನಾವಿಕರನ್ನೂ ಆಶ್ರಯಿಸಿತ್ತು. ಅವರಲ್ಲಿ ಮುಖ್ಯರಾದವರು ನಾರ್ವೆ ಎಂಬ ಶೀತದೇಶದವರು.

ಮೈಸೂರು ಸಂಸ್ಥಾನವು ವಿದ್ಯುಚ್ಛಕ್ತಿಯ ವಿಷಯದಲ್ಲಿ ಹಿಂದುಳಿದಿರಲಿಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು; ೧೯೦೫ರಲ್ಲಿ ಬೆಂಗಳೂರಿಗೆ ಬೆಳಕು ಬಂದಿತು. ಆದರೆ ಪಟ್ಟಣದ ಬೆಳಕು ಬೇರೆ, ಹಳ್ಳಿಯ ಬೆಳಕು ಬೇರೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ದೀಪವೆಂದರೆ ಅಡುಗೆಯ ಮನೆಗೆ ಒಂದು ಬುಡ್ಡಿ, ನಡುಮನೆಗೆ ಒಂದು ಲಾಂದ್ರ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲುದಾರಿಯಿರಲಿಲ್ಲ. ತುಮಕೂರು, ಹಿಂದೂಪುರಗಳಂಥ ನಿಲ್ದಾಣಗಳಲ್ಲಿ ಇಳಿದ ಸರಕು ಬಂಡಿಯಲ್ಲಿಯೋ ಮೋಟಾರಿನಲ್ಲಿಯೋ ಒಳನಾಡನ್ನು ಸೇರಬೇಕಾಗಿತ್ತು. ಸೀಮೆ ಎಣ್ಣೆ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ಎಣ್ಣೆ ಮುಗಿದ ಮೇಲೂ ಡಬ್ಬಕ್ಕೆ ಬಿಡುವಿರಲಿಲ್ಲ: ನೀರು ಹೊರುವುದಕ್ಕೆ, ಕಾಳು ತುಂಬುವುದಕ್ಕೆ, ಬಿಡಿಸಿ ಚಾವಣಿಗೆ ಹೊದಿಸುವುದಕ್ಕೆ ಅದೇ ಒದಗುತ್ತಿತ್ತು. ಅಂಗಡಿಯವನು ಎಣ್ಣೆಯನ್ನು ಅಳೆದು ಕೊಡುವಾಗ ಬೆಲೆಯನ್ನು ಆಣೆ ಕಾಸುಗಳಲ್ಲಿ ಹೇಳುತ್ತಿದ್ದನು. ಅದಕ್ಕೆ ಮತ್ತೊಂದು ಬೆಲೆಯಿದೆಯೆಂಬುದು ಡಬ್ಬದ ಮೇಲೆ ಬರೆದಿರಲಿಲ್ಲ.

ಯುದ್ಧಕ್ಕೆ ಮುಂಚೆ ಭಾರತಕ್ಕೆ ಬರುತ್ತಿದ್ದ ಸೀಮೆ ಎಣ್ಣೆಯಲ್ಲಿ ದೊಡ್ಡ ಪಾಲು ಬರ್ಮಾ ದೇಶದ್ದು. ಯೆನಂಗ್ಯಾಂಗ್ ಮೊದಲಾದ ಕಡೆ ಬಾವಿಗಳಿಂದ ತೆಗೆದ ಎಣ್ಣೆಯನ್ನು ರಂಗೂನಿನ ಎದುರಿಗಿರುವ ಸಿರಿಯಂನಲ್ಲಿ ಶೋಧಿಸಿ ಬಂಗಾಳ ಕೊಲ್ಲಿಯನ್ನು ದಾಟಿಸುತ್ತಿದ್ದರು. ೧೯೪೧ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು. ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರ ಶರಣಾಯಿತು. ಅಲ್ಲಿ ಸೆರೆಸಿಕ್ಕವರಲ್ಲಿ ನಮ್ಮ ಮೈಸೂರಿನ ಕಾಲಾಳುಪಡೆಯವರೂ ಇದ್ದರು. ಮಾರ್ಚಿ ೮ರಂದು ರಂಗೂನು ಬಿದ್ದಿತು. ಶತ್ರುವಿಗೆ ದಕ್ಕಬಾರದೆಂದು ಸಿರಿಯಂನ ಶೋಧನಾಗಾರವನ್ನೂ, ಏಪ್ರಿಲಿನಲ್ಲಿ ಯೆನಂಗ್ಯಾಂಗಿನ ಬಾವಿಗಳನ್ನೂ ಬ್ರಿಟಿಷರೇ ಕೆಡಿಸಿಬಿಟ್ಟರು. ಅದೇ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಜಪಾನೀ ಯುದ್ಧನೌಕೆಗಳು ಬಂಗಾಳ ಕೊಲ್ಲಿಗೆ ನುಗ್ಗಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರದ ಹಡಗುಗಳನ್ನು ಮುಳುಗಿಸಿದವು. ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ಪೂರ್ವಸಮುದ್ರದ ಬಾಗಿಲು ಹೀಗೆ ಮುಚ್ಚಿಹೋಯಿತು. ಅಸ್ಸಾಮಿನ ಡಿಗ್ಬಾಯಿಯ ಎಣ್ಣೆ ಇದ್ದಿತಾದರೂ ಅದು ಇಡೀ ದೇಶದ ದೀಪಗಳಿಗೆ ಸಾಲುವಷ್ಟಿರಲಿಲ್ಲ.

ಇದರ ಫಲ ಒಳನಾಡಿನ ಹಳ್ಳಿಗೂ ಮುಟ್ಟಿತು. ಪೆಟ್ರೋಲಿಗೆ ೧೯೪೧ರಲ್ಲಿಯೇ ಪಡಿತರ ಬಂದಿದ್ದಿತು. ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಯಂತ್ರವನ್ನು ನಡೆಸುವ ಏರ್ಪಾಡಾಯಿತು. ಏರುದಾರಿ ಬಂದಾಗ ಪ್ರಯಾಣಿಕರು ಇಳಿದು ನಡೆಯುವುದೂ ತಳ್ಳುವುದೂ ಆ ಕಾಲದ ಪ್ರಯಾಣದ ಅಂಗವೇ ಆಗಿದ್ದಿತು. ಸೀಮೆ ಎಣ್ಣೆ ಅಪರೂಪವಾದಂತೆ ಜನರು ಹಳೆಯ ಹಣತೆಯನ್ನು ತೊಳೆದು ಹೊಂಗೆಯೆಣ್ಣೆಯನ್ನೂ ಹರಳೆಣ್ಣೆಯನ್ನೂ ಹುಡುಕಿದರು. ಉಳಿದ ಅಲ್ಪಸ್ವಲ್ಪ ಸೀಮೆ ಎಣ್ಣೆಯು ಓದುವ ಹುಡುಗನಿಗೋ ಹೆರಿಗೆಯ ಮನೆಗೋ ಮೀಸಲಾಯಿತು. ಆದರೆ ಪೂರ್ತಿಯಾಗಿ ನಿಲ್ಲಲಿಲ್ಲ. ಕಡಮೆಯಾಗಿಯಾದರೂ ಬರುತ್ತಲೇ ಇದ್ದಿತು. ಎಲ್ಲಿಂದ? ಪಶ್ಚಿಮಸಮುದ್ರದ ಆಚೆಯಿಂದ. ಪಾರಸೀಕ ಕೊಲ್ಲಿಯ ತುದಿಯಲ್ಲಿರುವ ಆಬಾದಾನಿನ ಶೋಧನಾಗಾರದಿಂದಲೂ, ಬಹ್ರೇನಿನಿಂದಲೂ. ಆಬಾದಾನಿನಿಂದ ಮುಂಬಯಿಗೆ ಸುಮಾರು ೧,೬೦೦ ನಾವಿಕ ಮೈಲಿ. ಶಿರಾದ ಒಂದು ಲಾಂದ್ರಕ್ಕೂ ಆಬಾದಾನಿನ ಕಟ್ಟೆಗೂ ನಡುವೆ ಇದ್ದದ್ದು ಈ ನೀರಿನ ದಾರಿ.

ದಾರಿಯಿದ್ದ ಮಾತ್ರಕ್ಕೆ ಎಣ್ಣೆ ಬರುವುದಿಲ್ಲ. ಅದನ್ನು ತರುವ ಹಡಗು ಬೇಕು. ಈಗ ನಾರ್ವೆಯ ಮಾತಿಗೆ ಬರೋಣ. ಯುದ್ಧಾರಂಭದಲ್ಲಿ ಆ ದೇಶದ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. ನಮ್ಮ ಮೈಸೂರು ಸಂಸ್ಥಾನದ ಅರ್ಧದಷ್ಟೂ ಇಲ್ಲ. ಬೆಟ್ಟ ಮತ್ತು ಕಡಲುಗಳ ನಡುವೆ ಉಳುವ ನೆಲ ಕಡಮೆಯಾದ್ದರಿಂದ ಆ ಜನರು ಕಡಲನ್ನೇ ಹೊಲವಾಗಿ ಮಾಡಿಕೊಂಡಿದ್ದರು. ಪ್ರಪಂಚದ ವ್ಯಾಪಾರದ ಹಡಗುಪಡೆಗಳಲ್ಲಿ ಅವರದು ನಾಲ್ಕನೆಯ ಸ್ಥಾನ. ಅದರಲ್ಲಿ ಡೀಸೆಲ್ ಯಂತ್ರದಿಂದ ನಡೆಯುವ ಹೊಸ ಮಾದರಿಯ ಎಣ್ಣೆಹಡಗುಗಳು, ಎಂದರೆ ಟ್ಯಾಂಕರುಗಳು, ಬಹಳವಿದ್ದವು. ೧೯೪೦ರ ಏಪ್ರಿಲ್ ೯ರಂದು ಜರ್ಮನರು ನಾರ್ವೆಯ ಮೇಲೆ ಬಿದ್ದರು. ಆ ದಿನ ಸುಮಾರು ಒಂದು ಸಾವಿರ ನಾರ್ವೆಯ ಹಡಗುಗಳು ಪ್ರಪಂಚದ ನಾನಾ ಸಮುದ್ರಗಳಲ್ಲಿದ್ದವು. ತಾಯ್ನಾಡಿನ ರೇಡಿಯೋ ಶತ್ರುವಿನ ಕೈಸೇರಿ, ಹಡಗುಗಳೆಲ್ಲ ಜರ್ಮನರ ವಶದ ಇಲ್ಲವೆ ತಟಸ್ಥ ದೇಶಗಳ ರೇವುಗಳಿಗೆ ಹೋಗಬೇಕೆಂದು ಆಜ್ಞೆಮಾಡಿತು. ಆ ಹಡಗುಗಳ ನಾಯಕರು ಅದನ್ನು ಮನ್ನಿಸಲಿಲ್ಲ. ನಾರ್ವೆಯ ಸರ್ಕಾರವು ಈ ಹಡಗುಗಳನ್ನೆಲ್ಲ ತನ್ನ ಅಧೀನಕ್ಕೆ ತೆಗೆದುಕೊಂಡು, ಲಂಡನ್ನಿನಲ್ಲಿ ನೋರ್ಟ್ರಾಶಿಪ್ ಎಂಬ ಸಂಸ್ಥೆಯ ಮೂಲಕ ನಡೆಸತೊಡಗಿತು. ಜೂನ್ ೭ರಂದು ದೊರೆ ಏಳನೆಯ ಹಾಕೋನನು ದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಹೊರಟನು. ನೆಲವನ್ನು ಕಳೆದುಕೊಂಡ ಆ ರಾಜ್ಯಕ್ಕೆ ಉಳಿದ ದೊಡ್ಡ ಆಸ್ತಿಯೆಂದರೆ ಈ ಹಡಗುಗಳೇ. ೧೯೪೧ರ ಸುಮಾರಿಗೆ ಬ್ರಿಟನ್ನಿಗೆ ಹೋಗುತ್ತಿದ್ದ ಎಣ್ಣೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲನ್ನು ಹೊರುತ್ತಿದ್ದವು ನಾರ್ವೆಯ ಟ್ಯಾಂಕರುಗಳು.

ಎಣ್ಣೆಹಡಗಿನ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಅದರ ಒಡಲು ಕೋಣೆಕೋಣೆಯಾಗಿ ವಿಭಾಗಿಸಿದ ಒಂದು ದೊಡ್ಡ ತೊಟ್ಟಿ. ಯಂತ್ರ ಹಿಂದೆ, ಚುಕ್ಕಾಣಿಯ ಮನೆ ನಡುವೆ, ಮಿಕ್ಕದ್ದೆಲ್ಲ ಎಣ್ಣೆ. ತೊಟ್ಟಿಗಳು ಬೇರೆಬೇರೆಯಾಗಿರುವುದರಿಂದ ಟಾರ್ಪೀಡೊ ತಗುಲಿ ಒಂದು ಕಡೆ ಒಡೆದರೂ ಹಡಗು ಕೂಡಲೇ ಮುಳುಗದೆ ತೇಲುವುದುಂಟು. ಆದರೆ ಒಳಗಿರುವುದು ಪೆಟ್ರೋಲಾದರೆ ಮುಳುಗುವ ಮಾತೇ ಬೇಡ, ಉರಿಯೇ ಸಾಕು. ಸುತ್ತಲಿನ ನೀರೂ ಹತ್ತಿಕೊಳ್ಳುತ್ತಿತ್ತು. ಬರಿದಾದ ಹಡಗೂ ಕ್ಷೇಮವಲ್ಲ, ಏಕೆಂದರೆ ತೊಟ್ಟಿಗಳಲ್ಲಿ ಉಳಿದ ಆವಿ ಕಿಡಿ ತಗುಲಿದರೆ ಸಿಡಿಯುತ್ತದೆ. ಇಂಥ ಹಡಗಿನಲ್ಲಿ ನಲವತ್ತರಷ್ಟು ಜನ. ಅವರು ಸೈನಿಕರಲ್ಲ. ಅಡುಗೆಯವನು, ಬಡಗಿ, ಯಂತ್ರಕ್ಕೆ ಎಣ್ಣೆ ಹಾಕುವ ಹುಡುಗ, ತಂತಿಯಿಲ್ಲದ ತಂತಿಯ ಕೆಲಸದವನು, ಇವರೇ ಅಲ್ಲಿಯ ಸೇನೆ. ಅವರ ಊರುಗಳು ಶತ್ರುವಿನ ವಶದಲ್ಲಿದ್ದುದರಿಂದ ಹೆಂಡಿರು ಮಕ್ಕಳ ಸುದ್ದಿ ತಿಳಿಯುವುದೇ ದುರ್ಲಭವಾಗಿದ್ದಿತು. ಐದು ವರ್ಷಗಳ ಕಾಲ ಮನೆಯನ್ನು ಕಾಣದೆ ರೇವಿನಿಂದ ರೇವಿಗೆ ಓಡಾಡಿದವರು ಅವರಲ್ಲಿ ಎಷ್ಟೋ ಮಂದಿ.

ಒಂಟಿಯಾಗಿ ಹೋಗುವ ಎಣ್ಣೆಹಡಗಿಗೆ ಏನಾಗುತ್ತಿತ್ತೆಂಬುದಕ್ಕೆ ನಮ್ಮ ಸಮುದ್ರಗಳಲ್ಲಿಯೇ ನಿದರ್ಶನಗಳಿವೆ. ೧೯೪೦ರ ನವೆಂಬರಿನಲ್ಲಿ ಅಟ್ಲಾಂಟಿಸ್ ಎಂಬ ಜರ್ಮನ್ ದಾಳಿಯ ಹಡಗು ವ್ಯಾಪಾರದ ಹಡಗಿನ ವೇಷದಲ್ಲಿ ಬಂಗಾಳ ಕೊಲ್ಲಿಯಲ್ಲಿ ಅಲೆಯುತ್ತಿದ್ದಿತು. ೯ರಂದು ಅದು ನಾರ್ವೆಯ ಟೆಡಿ ಎಂಬ ಟ್ಯಾಂಕರನ್ನು ಹಿಡಿಯಿತು. ಅದು ಆಬಾದಾನಿನಿಂದ ಸಿಂಗಪುರಕ್ಕೆ ಎಣ್ಣೆಯನ್ನು ಒಯ್ಯುತ್ತಿದ್ದ ಹಡಗು. ಮರುದಿನವೇ ಓಲೆ ಯಾಕೋಬ್ ಎಂಬ ಮತ್ತೊಂದು ನಾರ್ವೆಯ ಟ್ಯಾಂಕರು ಅದರ ಬಲೆಗೆ ಬಿದ್ದಿತು. ೧೯೪೧ರ ಫೆಬ್ರವರಿ ೨ರಂದು ಹಿಂದೂ ಮಹಾಸಾಗರದಲ್ಲಿ ಕೆಟ್ಟಿ ಬ್ರೋವಿಗ್ ಎಂಬ ಟ್ಯಾಂಕರನ್ನೂ ಅದೇ ಅಟ್ಲಾಂಟಿಸ್ ಸೆರೆಹಿಡಿಯಿತು. ಕಾಡುದಾರಿಯಲ್ಲಿ ಒಬ್ಬಂಟಿಯಾಗಿ ಹೋಗುವ ಬಂಡಿಯನ್ನು ಕಳ್ಳರು ತಡೆಯುವುದಕ್ಕೂ ಇದಕ್ಕೂ ಭೇದವಿರಲಿಲ್ಲ.

ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ಈ ಕೋಟೆಗಳ ನೆರಳಿನಲ್ಲಿ ಬಾಳಿದ ಜನರಿಗೆ ಮುತ್ತಿಗೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಏಕಶಿಲೆಯ ಬೆಟ್ಟದ ಮೇಲಿನ ಕೋಟೆಯನ್ನು ಹತ್ತಿ ಗೆಲ್ಲುವುದು ಕಷ್ಟ; ಒಳಗೆ ಕಾಳು ನೀರು ಹೋಗದಂತೆ ಮಾಡಿದರೆ ಕೋಟೆ ತಾನಾಗಿಯೇ ಶರಣಾಗುತ್ತದೆ. ಜರ್ಮನಿಯು ಬ್ರಿಟನ್ನಿನ ಮೇಲೆ ಹೂಡಿದ್ದು ಇಂಥ ಮುತ್ತಿಗೆಯನ್ನೇ. ಜಲಾಂತರ್ಗಾಮಿಗಳು ಅದರ ಕಾವಲುಗಾರರು. ಈ ಮುತ್ತಿಗೆಯನ್ನು ಭೇದಿಸುವುದಕ್ಕೆ ಕಂಡುಕೊಂಡ ಉಪಾಯವೂ ನಮಗೆ ಹೊಸದಲ್ಲ. ಹಿಂದೆ ಶಿರಾ ಮೊಗಲರ ಸುಬೆಯಾಗಿದ್ದ ಕಾಲದಲ್ಲಿಯೂ, ಆಮೇಲೆ ಮೈಸೂರು ಯುದ್ಧಗಳ ಕಾಲದಲ್ಲಿಯೂ ದಂಡುಗಳಿಗೆ ಧಾನ್ಯವನ್ನು ಒದಗಿಸುತ್ತಿದ್ದವರು ಲಂಬಾಣಿಗಳು. ಅವರ ಹೇರೆತ್ತುಗಳು ಒಂದೊಂದಾಗಿ ಹೊರಡುತ್ತಿರಲಿಲ್ಲ. ಸಾವಿರಗಟ್ಟಲೆ ಒಟ್ಟುಗೂಡಿ, ಆಯುಧಪಾಣಿಗಳ ಬೆಂಗಾವಲಿನೊಡನೆ ಹೊರಡುತ್ತಿದ್ದವು. ಸಮುದ್ರದ ಮೇಲೆ ಇದೇ ಕ್ರಮವನ್ನು ಅನುಸರಿಸಿದಾಗ ಅದಕ್ಕೆ ಕಾನ್ವಾಯ್ ಎಂದು ಹೆಸರು. ನಾವು ಬೆಂಗಾವಲಿನ ಹಡಗುಸಾಲು ಎನ್ನಬಹುದು.

ಈ ಸಾಲಿನ ರಚನೆ ಹೀಗೆ: ನಲವತ್ತು ಐವತ್ತು ಹಡಗುಗಳನ್ನು ಒಂಬತ್ತು ಹತ್ತು ಪಂಕ್ತಿಗಳಾಗಿ ಹೂಡುತ್ತಾರೆ. ಪ್ರತಿ ಪಂಕ್ತಿಯಲ್ಲಿ ನಾಲ್ಕೈದು ಹಡಗು. ಸಾಲು ಉದ್ದಕ್ಕಿಂತ ಅಗಲವಾಗಿರುತ್ತದೆ, ಏಕೆಂದರೆ ಜಲಾಂತರ್ಗಾಮಿಗೆ ಪಕ್ಕದಿಂದ ಹೊಡೆಯುವುದು ಸುಲಭ. ಎಲ್ಲಕ್ಕಿಂತ ಬೆಲೆಯುಳ್ಳವೂ ಬೇಗ ಉರಿಯುವಂಥವೂ ಆದ ಎಣ್ಣೆಹಡಗುಗಳಿಗೆ ನಡುವಣ ಪಂಕ್ತಿಗಳಲ್ಲಿ ಸ್ಥಾನ. ಸುತ್ತಲೂ ಕೆಲವು ಯುದ್ಧನೌಕೆಗಳು ಕಾವಲು ತಿರುಗುತ್ತವೆ. ಇಡೀ ಸಾಲು ಅತ್ಯಂತ ನಿಧಾನವಾದ ಹಡಗಿನ ವೇಗದಲ್ಲಿಯೇ ನಡೆಯಬೇಕು. ನಿಧಾನದ ಸಾಲು ಗಂಟೆಗೆ ಏಳೆಂಟು ನಾವಿಕ ಮೈಲಿ ನಡೆದರೆ ಹೆಚ್ಚು. ರಾತ್ರಿ ದೀಪ ಹಚ್ಚುವಂತಿಲ್ಲ, ಹಗಲು ಹೊಗೆಯೆಬ್ಬಿಸುವಂತಿಲ್ಲ. ಕವಿದ ಕತ್ತಲೆಯಲ್ಲಿ ಮುಂದಿನ ಹಡಗಿಗೆ ತಾಗದಂತೆ, ಹಿಂದೆ ಬೀಳದಂತೆ ಗಂಟೆಗಟ್ಟಲೆ ಸ್ಥಾನವನ್ನು ಕಾಯ್ದುಕೊಳ್ಳಬೇಕು. ಮಂಜು ಮುಸುಕಿದರೆ ಹಿಂದೆ ಒಂದು ತೇಲುಗಟ್ಟಿಗೆಯನ್ನು ಎಳೆದುಕೊಂಡು ಹೋಗುತ್ತಾರೆ. ಅದು ಎಬ್ಬಿಸುವ ನೀರಿನ ಚಿಲುಮೆಯೇ ಹಿಂದಿನವನಿಗೆ ಗುರುತು. ಇವೆಲ್ಲಕ್ಕಿಂತ ಕಠಿನವಾದ ನಿಯಮ ಮತ್ತೊಂದಿದ್ದಿತು. ನೆರೆಯ ಹಡಗಿಗೆ ಪೆಟ್ಟು ಬಿದ್ದರೂ ಸಾಲು ನಿಲ್ಲಕೂಡದು. ನೀರಿಗೆ ಬಿದ್ದವರನ್ನು ಎತ್ತುವ ಕೆಲಸ ಅದಕ್ಕಾಗಿ ಗೊತ್ತುಮಾಡಿದ ಹಡಗಿನದು; ಮಿಕ್ಕವರು ಕೂಗನ್ನು ಕೇಳಿಯೂ ಮುಂದೆ ಸಾಗಬೇಕು. ನಿಂತ ಹಡಗು ಎರಡನೆಯ ಗುರಿಯಾಗುತ್ತದೆಂಬ ಲೆಕ್ಕ ಸರಿಯಾದದ್ದೇ. ಆದರೆ ಆ ಲೆಕ್ಕವನ್ನು ಪಾಲಿಸಿದವರ ಮನಸ್ಸು ಮುಂದೆ ಎಷ್ಟು ವರ್ಷ ಆ ಕೂಗನ್ನು ಕೇಳುತ್ತಿದ್ದಿತೋ ಊಹಿಸಿಕೊಳ್ಳಬಹುದು.

ಬೆಂಗಾವಲು ಇದ್ದ ಮಾತ್ರಕ್ಕೆ ಭಯ ತೀರುತ್ತಿರಲಿಲ್ಲ. ಒಂದು ನಿದರ್ಶನವನ್ನು ಕೊಡುತ್ತೇನೆ. ೧೯೪೨ರ ಡಿಸೆಂಬರ್ ಕೊನೆಯಲ್ಲಿ ಟ್ರಿನಿಡಾಡ್ ದ್ವೀಪದಿಂದ ಒಂಬತ್ತು ಎಣ್ಣೆಹಡಗುಗಳ ಸಾಲೊಂದು ಜಿಬ್ರಾಲ್ಟರಿಗೆ ಹೊರಟಿತು. ಉತ್ತರ ಆಫ್ರಿಕದ ದಂಡಿಗೆ ಬೇಕಾದ ಎಣ್ಣೆ ಅದರಲ್ಲಿದ್ದಿತು. ಟಿ.ಎಂ. ಒಂದು ಎಂಬುದು ಆ ಸಾಲಿನ ಸಂಕೇತ. ಬೆಂಗಾವಲಿಗೆ ಒಂದು ಡಿಸ್ಟ್ರಾಯರು, ಮೂರು ಕಾರ್ವೆಟ್ಟುಗಳು, ಇಷ್ಟೆ. ಜನವರಿ ಮೊದಲ ವಾರದಿಂದ ಜಲಾಂತರ್ಗಾಮಿಗಳ ಹಿಂಡು ಅದನ್ನು ಬೆನ್ನಟ್ಟಿತು. ಒಂಬತ್ತರಲ್ಲಿ ಏಳು ಮುಳುಗಿದವು; ನಾರ್ವೆಯ ಆಲ್ಬರ್ಟ್ ಎಲ್. ಎಲ್ಸ್‌ವರ್ತ್ ಮತ್ತು ಮಿನಿಸ್ಟರ್ ವೇಡೆಲ್ ಎಂಬ ಟ್ಯಾಂಕರುಗಳೂ ಹೋದವು. ೧೯೪೩ರ ಜನವರಿ ೧೪ರಂದು ಜಿಬ್ರಾಲ್ಟರನ್ನು ಮುಟ್ಟಿದವು ಎರಡೇ: ಬ್ರಿಟನ್ನಿನ ಕ್ಲಿಯೋನಾ ಮತ್ತು ನಾರ್ವೆಯ ವಾನ್ಯಾ. ವಾನ್ಯಾ ಹಡಗಿನವರು ಅಲ್ಲಿ ಎಣ್ಣೆಯನ್ನಿಳಿಸಿದ ಮೇಲೆ ಅವರ ಕೆಲಸ ಮುಗಿಯಲಿಲ್ಲ; ಮತ್ತೆ ತುಂಬಿಕೊಂಡು ಬರುವುದಕ್ಕೆ ಹೊರಡಬೇಕು. ಕಾಳಗದಲ್ಲಿ ಗೆದ್ದ ಸೈನಿಕನಿಗೆ ಪದಕ ಬರುತ್ತದೆ. ಎಣ್ಣೆಹಡಗಿನವನಿಗೆ ಬರುವುದು ಮುಂದಿನ ಹೇರು.

ಇನ್ನು ನಮ್ಮ ಪಶ್ಚಿಮಸಮುದ್ರ. ೧೯೪೩ರಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಒಂದು ಗುಂಪನ್ನು ಹಿಂದೂ ಮಹಾಸಾಗರಕ್ಕೆ ಕಳುಹಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅರಬ್ಬೀ ಸಮುದ್ರಕ್ಕೆ ಬರಬೇಕಾಗಿದ್ದುದರಿಂದ ಅದಕ್ಕೆ ಇಟ್ಟ ಹೆಸರು ಮಾನ್ಸೂನ್. ಮಧುಗಿರಿಯ ರೈತನು ಯಾವ ಮಳೆಯ ದಾರಿ ಕಾಯುತ್ತಿದ್ದನೋ ಆ ಮಳೆಯ ಹೆಸರೇ ಅವನ ದೀಪದ ಎಣ್ಣೆಯನ್ನು ತಡೆಯಬಂದವರಿಗೂ ಸಂದಿತು. ಪಾರಸೀಕ ಕೊಲ್ಲಿಯಿಂದ ಮುಂಬಯಿಗೂ ಏಡನ್ನಿಗೂ ಹಡಗುಸಾಲುಗಳು ಹೊರಡುತ್ತಿದ್ದವು. ೧೯೪೪ರ ಫೆಬ್ರವರಿಯಲ್ಲಿ ಪಿ.ಎ. ೬೯ ಎಂಬ ಸಾಲು ಏಡನ್ನಿನ ಕಡೆ ಹೋಗುತ್ತಿದ್ದಾಗ ೨೨-೨೩ರಂದು ಜರ್ಮನರ ಯು ೫೧೦ ಎಂಬ ಜಲಾಂತರ್ಗಾಮಿ ಅದರ ಮೇಲೆ ಬಿದ್ದಿತು. ಬ್ರಿಟನ್ನಿನ ಸ್ಯಾನ್ ಆಲ್ವಾರೊ, ಅಮೆರಿಕದ ಇ.ಜಿ. ಸ್ಯೂಬರ್ಟ್ ಎಂಬ ಎರಡು ಟ್ಯಾಂಕರುಗಳು ಮುಳುಗಿದವು. ಮೂರನೆಯದು ನಾರ್ವೆಯ ಎರ್ಲಿಂಗ್ ಬ್ರೋವಿಗ್. ಹತ್ತು ಸಾವಿರ ಟನ್ನಿಗೆ ಸ್ವಲ್ಪ ಕಡಮೆಯಾದ ಹಡಗು. ಹಿಂದೆ ಹೇಳಿದ ಕೆಟ್ಟಿ ಬ್ರೋವಿಗ್ ಹಡಗಿನ ಒಡೆತನದವರದೇ. ಅದಕ್ಕೂ ಟಾರ್ಪೀಡೊ ತಗುಲಿ ಭಾರಿ ಜಖಂ ಆಯಿತು; ಆದರೆ ಮುಳುಗಲಿಲ್ಲ. ಮೂರು ದೇಶಗಳ ಮೂರು ಹಡಗುಗಳು ಒಂದೇ ನೀರಿನಲ್ಲಿ ಒಂದೇ ಪೆಟ್ಟನ್ನು ಉಂಡವು. ಎಣ್ಣೆಯ ಹನಿಗೆ ಧ್ವಜವಿಲ್ಲ. ಆಬಾದಾನಿನಲ್ಲಿ ತುಂಬಿದ ಎಣ್ಣೆ ಈಜಿಪ್ಟಿಗೆ ಹೋಯಿತೋ ಮುಂಬಯಿಗೆ ಬಂದಿತೋ ಎಂಬುದು ಆಯಾ ವಾರದ ಅಗತ್ಯವನ್ನು ಅನುಸರಿಸಿತ್ತು. ಆದರೆ ಈ ಸಮುದ್ರದ ದಾರಿ ತೆರೆದಿದ್ದುದರಿಂದಲೇ ನಮ್ಮ ಒಳನಾಡಿನ ಅಂಗಡಿಗೆ ಅಷ್ಟಾದರೂ ಎಣ್ಣೆ ಬಂದಿತೆಂಬುದರಲ್ಲಿ ಸಂದೇಹವಿಲ್ಲ.

ಈ ಕಥೆಯಲ್ಲಿ ನಮ್ಮವರ ಪಾತ್ರವೂ ಸಣ್ಣದಲ್ಲ. ೧೯೪೨ರ ನವೆಂಬರ್ ೧೧ರಂದು ಕೋಕೋಸ್ ದ್ವೀಪಗಳ ನೈಋತ್ಯಕ್ಕೆ ಓಂಡಿನಾ ಎಂಬ ಡಚ್ಚರ ಟ್ಯಾಂಕರಿಗೆ ಬೆಂಗಾವಲಾಗಿ ಹೋಗುತ್ತಿದ್ದ ನೌಕೆ ಬೆಂಗಾಲ್. ಅದು ಭಾರತದ ನೌಕಾಪಡೆಯದು. ಎದುರಾದವು ಎರಡು ದೊಡ್ಡ ಜಪ್ಪಾನೀ ದಾಳಿಯ ಹಡಗುಗಳು. ಬೆಂಗಾಲಿನಲ್ಲಿದ್ದದ್ದು ಒಂದು ಸಣ್ಣ ಫಿರಂಗಿ, ಓಂಡಿನಾದಲ್ಲಿ ಇನ್ನೊಂದು. ಓಡಿಹೋಗದೆ ಬೆಂಗಾಲ್ ಶತ್ರುವಿಗೆ ಅಭಿಮುಖವಾಗಿ ನುಗ್ಗಿತು. ಹೋಕೊಕು ಮಾರು ಎಂಬ ಶತ್ರುನೌಕೆ ಸಿಡಿದು ಮುಳುಗಿತು. ಓಂಡಿನಾದ ನಾಯಕ ಹಾರ್ಸ್‌ಮನ್ ಆ ಕಾಳಗದಲ್ಲಿ ಮಡಿದನು. ಉಳಿದವರು ದೋಣಿಗಳಿಗಿಳಿದು, ಶತ್ರು ಹೊರಟುಹೋದ ಮೇಲೆ ಮತ್ತೆ ಹಡಗನ್ನೇರಿ, ಬೆಂಕಿಯನ್ನಾರಿಸಿ, ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ರೇವಿಗೆ ಅದನ್ನು ಮುಟ್ಟಿಸಿದರು. ಬೆಂಗಾಲೂ ಉಳಿದು ಬಂದಿತು. ಇದಲ್ಲದೆ ಬ್ರಿಟಿಷ್ ವ್ಯಾಪಾರದ ಹಡಗುಗಳಲ್ಲಿ ಕೆಲಸಮಾಡುತ್ತಿದ್ದ ಭಾರತೀಯ ಖಲಾಸಿಗಳ ಸಂಖ್ಯೆ ಬಹಳ ದೊಡ್ಡದು: ಚಿತ್ತಗಾಂಗ್, ಸಿಲ್ಹೆಟ್ಟಿನವರು, ಕೊಂಕಣದವರು, ಗೋವೆಯವರು. ಯುದ್ಧದಲ್ಲಿ ಕಡಲಪಾಲಾದ ಅವಿಭಕ್ತ ಭಾರತದ ನಾವಿಕರ ಹೆಸರುಗಳನ್ನು ಬರೆದ ಎರಡು ಗ್ರಂಥಗಳಿವೆ, ಒಂದು ಮುಂಬಯಿಯಲ್ಲಿ, ಒಂದು ಚಿತ್ತಗಾಂಗಿನಲ್ಲಿ. ಅದರಲ್ಲಿರುವ ಹೆಸರುಗಳು ಆರು ಸಾವಿರಕ್ಕೂ ಮಿಕ್ಕಿವೆ. ಸಮಾಧಿಯಿಲ್ಲದವರಿಗೆ ಆ ಪುಟಗಳೇ ಸಮಾಧಿ.

ನಾರ್ವೆಯವರು ತೆತ್ತದ್ದೆಷ್ಟು? ಅವರ ಹಡಗುಪಡೆಯಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಸಮುದ್ರದ ತಳ ಸೇರಿತು. ಮೂರು ಸಾವಿರಕ್ಕೂ ಮಿಕ್ಕಿದ ನಾವಿಕರು ಮರಳಿ ಮನೆ ಸೇರಲಿಲ್ಲ. ಬದುಕಿ ಮರಳಿದವರ ಕಥೆಯಲ್ಲಿ ಮತ್ತೊಂದು ಸಂಕಟವಿದೆ. ೧೯೪೦ರಲ್ಲಿ ಬ್ರಿಟಿಷ್ ನಾವಿಕರ ಸಂಬಳಕ್ಕೆ ಹೊಂದುವಂತೆ ನಾರ್ವೆಯ ನಾವಿಕರ ಅಪಾಯಭತ್ಯವನ್ನು ಇಳಿಸಿದರು. ಉಳಿದ ಹಣವನ್ನು ಒಂದು ಗುಪ್ತನಿಧಿಯಲ್ಲಿ ಕೂಡಿಟ್ಟರು. ಯುದ್ಧವು ಮುಗಿದ ಮೇಲೆ ಅದು ತಮ್ಮ ದುಡಿಮೆಯ ಹಣ, ತಮಗೆ ಹಂಚಬೇಕೆಂದು ನಾವಿಕರು ಕೇಳಿದರು. ಅಲ್ಲಿಯ ಶಾಸನಸಭೆ ಅದನ್ನು ಕಷ್ಟದಲ್ಲಿರುವವರ ಸಹಾಯಕ್ಕೆ ಮಾತ್ರ ಬಳಸಬೇಕೆಂದಿತು. ನಾವಿಕರು ನ್ಯಾಯಸ್ಥಾನಕ್ಕೆ ಹೋದರು; ೧೯೫೪ರಲ್ಲಿ ಪರಮೋಚ್ಚ ನ್ಯಾಯಾಲಯದಲ್ಲಿ ಸೋತರು. ೧೯೭೨ರಲ್ಲಿ, ಎಷ್ಟೋ ಜನ ಕಣ್ಮುಚ್ಚಿದ ಮೇಲೆ, ಸಮುದ್ರದಲ್ಲಿ ಕಳೆದ ತಿಂಗಳೊಂದಕ್ಕೆ ೧೮೦ ಕ್ರೋನರಿನಂತೆ ಗೌರವಧನ ದೊರೆಯಿತು. ೨೦೧೩ರಲ್ಲಿ ನಾರ್ವೆಯ ಸರ್ಕಾರವು ತನ್ನ ಯುದ್ಧನಾವಿಕರನ್ನು ನಡೆಸಿಕೊಂಡ ರೀತಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿತು. ಹೊರೆ ಹೊತ್ತವನಿಗೆ ಕೂಲಿ ತಡವಾಗಿ ಮುಟ್ಟುವುದು ನಮ್ಮ ದೇಶದಲ್ಲಿ ಮಾತ್ರ ಕಾಣುವ ಸಂಗತಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇದೆಲ್ಲ ಹಳೆಯ ಕಥೆಯೆಂದು ಕೈಬಿಡುವಂತಿಲ್ಲ. ಈ ಹೊತ್ತೂ ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಹೊರಗಿನಿಂದಲೇ ಬರುತ್ತಿದೆ. ಬಹುಭಾಗ ಸಮುದ್ರದ ಮೇಲೆಯೇ. ಎರ್ಲಿಂಗ್ ಬ್ರೋವಿಗ್ ಪೆಟ್ಟು ತಿಂದ ಏಡನ್ ಕೊಲ್ಲಿಯಲ್ಲಿ ೨೦೦೮ರಿಂದ ನಮ್ಮ ನೌಕಾಪಡೆಯ ಹಡಗುಗಳು ಕಡಲ್ಗಳ್ಳರಿಂದ ನಾನಾ ದೇಶಗಳ ವ್ಯಾಪಾರದ ಹಡಗುಗಳನ್ನು ಕಾಯ್ದು ಬೆಂಗಾವಲು ನಡೆಸಿವೆ. ೨೦೨೪ರ ಜನವರಿ ೨೬ರಂದು ಅದೇ ಕೊಲ್ಲಿಯಲ್ಲಿ ಮಾರ್ಲಿನ್ ಲುವಾಂಡಾ ಎಂಬ ಎಣ್ಣೆಹಡಗಿಗೆ ಕ್ಷಿಪಣಿ ಬಡಿದು ಬೆಂಕಿ ಹತ್ತಿಕೊಂಡಿತು. ಹಡಗಿನಲ್ಲಿದ್ದವರಲ್ಲಿ ಇಪ್ಪತ್ತೆರಡು ಜನ ಭಾರತೀಯರು. ಬೆಂಕಿಯನ್ನಾರಿಸುವುದಕ್ಕೆ ನೆರವಾದ ಯುದ್ಧನೌಕೆ ನಮ್ಮ ವಿಶಾಖಪಟ್ಟಣಂ. ೧೯೪೪ರಲ್ಲಿ ಪರದೇಶದ ಹುಡುಗರು ನಿಂತಿದ್ದ ಜಾಗದಲ್ಲಿ ಈಗ ನಮ್ಮ ಹುಡುಗರು ನಿಂತಿದ್ದಾರೆ. ಯಾವುದೋ ನಾಡಿನ ಯಾವುದೋ ಮನೆಯವರು ಒಲೆ ಹಚ್ಚುವಾಗ ಅವರ ನೆನಪು ಮಾಡಿಕೊಳ್ಳುತ್ತಾರೆಯೆ? ನಾವು ನಾರ್ವೆಯವರನ್ನು ನೆನೆದಷ್ಟೇ ಇರಬಹುದು.

ನಾಲ್ಕು ತಾಲ್ಲೂಕುಗಳ ಪಾಡು ಮಾತ್ರ ಬಹಳ ಬದಲಾಯಿತು. ದೀಪದ ಎಣ್ಣೆಗೆ ಕಾಯುತ್ತಿದ್ದ ಪಾವಗಡದಲ್ಲಿ, ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಸೂರ್ಯಶಕ್ತಿಯ ಫಲಕಗಳು ಹಾಸಿವೆ. ೨೦೧೮ರಲ್ಲಿ ಮೊದಲ ಹಂತ ಆರಂಭವಾಗಿ ೨೦೧೯ರ ಕೊನೆಗೆ ೨,೦೫೦ ಮೆಗಾವಾಟ್ ಸಾಮರ್ಥ್ಯವೂ ಕೈಗೂಡಿತು. ಭೂಮಿಯನ್ನು ರೈತರಿಂದ ಕೊಂಡುಕೊಳ್ಳದೆ ಗೇಣಿಗೆ ಪಡೆದಿದ್ದಾರೆ. ಮಳೆಯನ್ನು ಕೊಡಲೊಲ್ಲದ ಆಕಾಶ ಬಿಸಿಲನ್ನು ಧಾರಾಳವಾಗಿ ಕೊಟ್ಟಿದೆ. ಆ ಬಿಸಿಲೇ ಈಗ ಸೀಮೆಯಾಚೆಗೆ ಹೋಗುವ ಸರಕು. ಈ ಬೆಳಕು ದೂರದ ಊರುಗಳಿಗೆ ಹೋಗುತ್ತದೆ. ಅಲ್ಲಿ ಗುಂಡಿಯೊತ್ತುವವರಿಗೆ ಬಳಸಮುದ್ರವೆಂಬ ಊರಿದೆಯೆಂಬುದೂ ತಿಳಿದಿರಲಾರದು. ತನ್ನ ಹೊಲವನ್ನು ಗೇಣಿಗೆ ಕೊಟ್ಟ ರೈತನ, ಹೊಲದ ಕೂಲಿಯನ್ನು ಕಳೆದುಕೊಂಡ ಆಳಿನ ಸುದ್ದಿಯೂ ತಿಳಿದಿರಲಾರದು.

ಆದ್ದರಿಂದ ನಾನು ಹೇಳಬೇಕೆಂದಿದ್ದ ಮಾತು ಇಷ್ಟೆ. ಬೆಳಕಿಗೆ ಯಾವಾಗಲೂ ಎರಡು ಬೆಲೆಯುಂಟು. ಒಂದನ್ನು ಅಂಗಡಿಯವನು ಹೇಳುತ್ತಾನೆ, ನಾವು ತೆರುತ್ತೇವೆ; ಅಲ್ಲಿಗೆ ಲೆಕ್ಕ ತೀರುತ್ತದೆ. ಇನ್ನೊಂದನ್ನು ನಮ್ಮ ಕಣ್ಣಿಗೆ ಬೀಳದ ಯಾರೋ ತೆತ್ತಿರುತ್ತಾರೆ. ಆ ಲೆಕ್ಕ ನಾವು ತಿಳಿದುಕೊಳ್ಳುವವರೆಗೂ ತೆರೆದೇ ಇರುತ್ತದೆ. ತಿಳಿದುಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ನಿಜ. ಆದರೆ ಸಾಲವಿದೆಯೆಂದು ಒಪ್ಪಿಕೊಳ್ಳುವುದು ಮರ್ಯಾದೆಯ ಮೊದಲ ಮೆಟ್ಟಿಲು. ಸೀಮೆ ಎಣ್ಣೆ ಎಂಬ ನಮ್ಮ ಹಿರಿಯರ ಮಾತಿನಲ್ಲಿ ಆ ಒಪ್ಪಿಗೆ ಅರಿಯದೆಯೇ ಅಡಗಿದ್ದಿತು. ಅದನ್ನು ಅರಿತು ಹೇಳುವುದು ನಮ್ಮ ಪಾಲಿಗೆ ಉಳಿದಿದೆ.